ದೊಡ್ಡವ್ವ ಹಾಕಿದ ಹಿಡಿಕೆ

ಕಳೆದ ತಿಂಗಳು ನಮ್ಮ ಅಡುಗೆಮನೆಯ ಬಾಗಿಲಿನ ಹಿಡಿಕೆ ಕಿತ್ತು ಕೈಗೇ ಬಂತು. ಜಮಖಂಡಿಯಲ್ಲಿ ಈ ಮನೆ ಕಟ್ಟಿಸಿ ಬಹಳ ವರ್ಷಗಳಾದವು. ಬಾಗಿಲುಗಳ ಹಿಡಿಕೆಗಳೆಲ್ಲ ಒಂದೊಂದಾಗಿ ಸಡಿಲಾಗುತ್ತ ಬಂದಿದ್ದವು. ಎಲ್ಲವನ್ನೂ ಒಮ್ಮೆಗೇ ಬದಲಿಸಿಬಿಡೋಣ ಎಂದು ಬಜಾರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಒಳಗಿನಿಂದ ಒಂದು ಹಳೆಯ ಪೊಟ್ಟಣ ತಂದು, ಕಾಗದ ಬಿಚ್ಚಿ, ಕರಿ ಕಬ್ಬಿಣದ ಹಿಡಿಕೆಯೊಂದನ್ನು ನನ್ನ ಮುಂದಿಟ್ಟರು. ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯ ವಾಸನೆ, ಅದರ ಅಡಿಯಲ್ಲಿ ಕಬ್ಬಿಣದ ತಣ್ಣನೆಯ ವಾಸನೆ... "ಇದು ಹಳೇ ಮಾಲ್ರಿ. ಈಗ ಯಾರೂ ಒಯ್ಯಂಗಿಲ್ಲ. ಸ್ಟೀಲಿಂದು ತೋರಸ್ಲೇನ್ರಿ?" ಎಂದು ಅವರು ಕೇಳುತ್ತಿದ್ದರು. ನಾನು ಹಿಡಿಕೆಯನ್ನು ಕೈಗೆತ್ತಿಕೊಂಡೆ. ನಲವತ್ತು ವರ್ಷ ದಾಟಿದ ಮೇಲೂ ಆ ವಾಸನೆಗೆ ನನ್ನ ಎದೆ ಹೀಗೆ ಬಡಿದುಕೊಂಡೀತೆಂದು ನಾನು ಅಂದುಕೊಂಡಿರಲಿಲ್ಲ.

ಆಕೆಯನ್ನು ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಬನಹಟ್ಟಿಯ ಒಂದು ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ನನಗೆ ನೇಮಕವಾಯಿತು. ನಾವು ಬೀಳಗಿ ತಾಲೂಕಿನವರು, ಬಾಡಗಂಡಿಯ ಕಡೆಯವರು. ಅಪ್ಪ ಕುರಿ ಕಾಯುತ್ತಿದ್ದ. ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ. ನಮ್ಮ ವಂಶದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು. ನಾನು ಹಾಜರಾಗುವ ದಿನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ನನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಜೊತೆಗೆ ಬಂದಿದ್ದ. ಮಧ್ಯಾಹ್ನದವರೆಗೆ ಮನೆ ಹುಡುಕಿದೆವು. ಕುರಿ ಕಾಯುವವರೆಂದು ಕೆಲವರು, ಒಬ್ಬಳೇ ಇರುವ ಹುಡುಗಿಯೆಂದು ಉಳಿದವರು, ಯಾರೂ ಕೊಡಲಿಲ್ಲ. ಕೊನೆಗೆ ಒಂದು ಓಣಿಯಲ್ಲಿ, ಮನೆಯ ಮುಂದಿನ ಬಂಕದಲ್ಲಿ, ಅಂದರೆ ಜಗಲಿಯಲ್ಲಿ, ಕುಳಿತು ರಾಟೆಯ ಮೇಲೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ತಾನಾಗಿಯೇ ಕರೆದಳು. ಐವತ್ತರ ಹತ್ತಿರದ ವಯಸ್ಸು. ಹಣೆ ಖಾಲಿ. ರಾಟೆ ನಿಲ್ಲಿಸದೆಯೇ ಮಾತಾಡಿದಳು.

"ನಿನ್ನ ಮಗಳೇನಪಾ?"

"ಹೌದ್ರಿ ಯವ್ವಾ. ಸಾಲಿ ಬಾಯಾರ ಆಗ್ಯಾಳ್ರಿ" ಎಂದ ಅಪ್ಪ.

"ಹಂಗಾರ ಇಲ್ಲೇ ಇರ್ಲಿ. ನನಗೂ ಮಾತಾಡಾಕ ಒಬ್ಬರು ಆದ್ರು."

ಸಂಜೆಯ ಬಸ್ಸಿಗೆ ಹೊರಟಾಗ ಅಪ್ಪ ನನ್ನನ್ನು ಬದಿಗೆ ಕರೆದು, "ಏನರ ಹೆಚ್ಚು ಕಡಿಮಿ ಆದ್ರ ಒಂದ ಮಾತ ಹೇಳಿ ಕಳಸವ್ವಾ. ನೌಕರಿ ಹ್ವಾದ್ರ ಹೋಗ್ಲಿ, ಬಂದ ಕರ್ಕೊಂಡ ಹೊಕ್ಕೀನಿ" ಎಂದ. ಪ್ರೀತಿಯಿಂದಲೇ ಹೇಳಿದ. ಆದರೆ ಮುಂದೆ ನನ್ನ ಬಾಯಿ ಕಟ್ಟಿಹಾಕಿದ್ದು ಅದೇ ಮಾತು. ನಾನು ಒಂದು ಮಾತು ಹೇಳಿ ಕಳಿಸಿದರೆ ಸಾಕು, ಅಪ್ಪ ಬರುತ್ತಾನೆ, ಟ್ರಂಕು ಹೊರುತ್ತಾನೆ. ಮರುವರ್ಷ ಸೋದರಮಾವನ ಮಗನ ಜೊತೆ ಮದುವೆ. ಅಲ್ಲಿಗೆ ಎಲ್ಲ ಮುಗಿಯುತ್ತದೆ.

ದೊಡ್ಡವ್ವ ಆ ಮನೆಯ ಹಿರಿಯ ಸೊಸೆ. ಗಂಡ ಎಂದೋ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಮನೆ ಇನ್ನೂ ಪಾಲಾಗಿರಲಿಲ್ಲ. ಹಿಂದಿನ ಭಾಗದಲ್ಲಿ ಆಕೆಯ ಮೈದುನ ಹೆಂಡತಿ ಮಕ್ಕಳೊಂದಿಗೆ ಇದ್ದ. ಅಂಗಳದಾಚೆಯ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ಅವುಗಳ ಯಜಮಾನ ಅವನೇ. ಓಣಿಯ ಅರ್ಧ ಮಂದಿ ಅವನ ಮಗ್ಗಗಳ ಮೇಲೆ ಬದುಕುತ್ತಿದ್ದರು, ಅದಕ್ಕೇ ಎಲ್ಲರೂ ಅವನನ್ನು ಸಾವಕಾರ ಎನ್ನುತ್ತಿದ್ದರು. ದೊಡ್ಡವ್ವ ಸುತ್ತುತ್ತಿದ್ದ ಕಂಡಿಕೆಗಳೂ ಅವನ ಮಗ್ಗಗಳಿಗೇ.

ನನಗೆ ಕೊಟ್ಟದ್ದು ಬಂಕಕ್ಕೆ ಹತ್ತಿದ ಕೋಣೆ. ಅದಕ್ಕೆ ಎರಡು ಬಾಗಿಲು. ಒಂದು ಓಣಿಯ ಕಡೆಗೆ, ಅದಕ್ಕೆ ಒಳಗಿನಿಂದ ಗಟ್ಟಿ ಅಗಳಿ ಇತ್ತು. ಇನ್ನೊಂದು ಒಳಗಿನ ಪಡಸಾಲೆಯ ಕಡೆಗೆ. ಆ ಬಾಗಿಲಿಗೆ ಪಡಸಾಲೆಯ ಕಡೆ ಒಂದು ದಪ್ಪ ಕಬ್ಬಿಣದ ಬಳೆ ಇತ್ತು, ಅದನ್ನೇ ಹಿಡಿದು ಎಳೆಯುವುದು, ದೂಡುವುದು. ನನ್ನ ಕಡೆ ಏನೂ ಇರಲಿಲ್ಲ. ಹಿಂದೆಂದೋ ಹಿಡಿಕೆ ಮತ್ತು ಚಿಲಕ ಇದ್ದುದರ ಗುರುತಾಗಿ ಬರಿಯ ತೂತುಗಳು. ಆಚೆಯಿಂದ ದೂಡಿದರೆ ಬಾಗಿಲು ನನ್ನ ಕೋಣೆಯೊಳಕ್ಕೆ ತೆರೆದುಕೊಳ್ಳುತ್ತಿತ್ತು. ಈಚೆಯಿಂದ ನಾನು ತೆರೆಯಬೇಕೆಂದರೆ ಬಾಗಿಲಿನ ಅಂಚಿಗೆ ಉಗುರು ಸಿಕ್ಕಿಸಿ ಎಳೆಯಬೇಕು.

ಮೊದಲ ವಾರವೇ ನಾನು ಕೇಳಿದ್ದೆ, "ಈ ಬಾಗಲಕ ಚಿಲಕ ಇಲ್ಲಲ್ರಿ ದೊಡ್ಡವ್ವಾರ?"

ಆಕೆ ಬಾಗಿಲನ್ನೊಮ್ಮೆ ನೋಡಿದಳು. "ಮಾಡಸೂಣಂತ" ಎಂದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾವಕಾರ ಬರತೊಡಗಿದ. ನನ್ನ ಕೋಣೆಯ ನಾಗೊಂದಿಗೆಯ ಮೇಲೆ, ಅಂದರೆ ಗೋಡೆಯ ಮೇಲ್ಭಾಗದ ಹಲಗೆಯ ಮೇಲೆ, ಅವನ ಬಣ್ಣದ ನೂಲಿನ ಗಂಟುಗಳಿದ್ದವು. ಅವನ್ನು ಇಳಿಸಿಕೊಳ್ಳಬೇಕೆಂಬುದು ಅವನ ನೆಪ. ಬಾಗಿಲು ಬಡಿಯುತ್ತಿರಲಿಲ್ಲ. ನಾನು ತಲೆ ಬಾಚಿಕೊಳ್ಳುತ್ತಿರಲಿ, ಊಟಕ್ಕೆ ಕೂತಿರಲಿ, ಬಳೆಯ ಸದ್ದಾಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು. "ನೂಲು ಬೇಕಾಗಿತ್ರಿ ಬಾಯಾರ." ಒಂದು ಗಂಟು ಇಳಿಸಲು ಅವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು! ಅಡಿಕೆ ಅಗಿಯುತ್ತ ನಿಲ್ಲುತ್ತಿದ್ದ, ಗೋಡೆ ನೋಡುತ್ತಿದ್ದ, ನನ್ನ ಹಾಸಿಗೆ ನೋಡುತ್ತಿದ್ದ, ನಗುತ್ತಿದ್ದ. ಕೈ ಮುಟ್ಟಿದವನಲ್ಲ, ಕೆಟ್ಟ ಮಾತು ಆಡಿದವನಲ್ಲ. ಯಾರಿಗಾದರೂ ಹೇಳಬೇಕೆಂದರೆ ಏನೆಂದು ಹೇಳಲಿ? ಬಂದ, ನೂಲು ಒಯ್ದ, ಇಷ್ಟೇ ತಾನೆ?

ಒಂದು ದಿನ ಶಾಲೆಯಿಂದ ಬಂದಾಗ ಕಿಟಕಿಯಲ್ಲಿಟ್ಟಿದ್ದ ನನ್ನ ಕನ್ನಡಿ ಟ್ರಂಕಿನ ಮೇಲಿತ್ತು. ಟ್ರಂಕಿನೊಳಗೆ ಮಡಿಚಿಟ್ಟಿದ್ದ ಸೀರೆಗಳ ಮಡಿಕೆ ಬೇರೆಯಾಗಿತ್ತು. ಇನ್ನೊಂದು ದಿನ ನಾನು ನೀರು ತರಲು ಕೊಡ ಎತ್ತಿಕೊಂಡು ಪಡಸಾಲೆಗೆ ಹೊರಟರೆ ಅವನು ಬಾಗಿಲಿನಲ್ಲಿ ನಿಂತಿದ್ದ. ಒಂದು ಕೈ ಬಳೆಯ ಮೇಲೆ, ಇನ್ನೊಂದು ಕೈ ಚೌಕಟ್ಟಿನ ಮೇಲೆ.

"ನಿಮ್ಮ ಹೆಡ್ ಮಾಸ್ತರು ನಮ್ಮವರ ಅದಾರ್ರಿ. ಏನರ ಬೇಕಾದ್ರ ಹೇಳ್ರಿ. ವರ್ಗ ಮಾಡೋದು, ಬಿಡೋದು, ಎಲ್ಲಾ ನಮ್ಮ ಕೈಯಾಗ ಐತಿ."

"ದಾರಿ ಬಿಡ್ರಿ, ನೀರ ತರಬೇಕು" ಎಂದೆ.

ಬಿಟ್ಟ. ಆದರೆ ತಕ್ಷಣ ಬಿಡಲಿಲ್ಲ. ನಾನು ಕಾಯಬೇಕು, ಕಾಯುವುದನ್ನು ಅವನು ನೋಡಬೇಕು, ಅಷ್ಟು ಹೊತ್ತು ತೆಗೆದುಕೊಂಡ. ಬಾವಿಯ ಹತ್ತಿರ ಹೋದ ಮೇಲೆ ನನ್ನ ಕೈಯಿಂದ ಹಗ್ಗ ಜಾರಿ ಕೊಡ ಒಳಗೆ ಬಿದ್ದಿತು.

ಅಂದಿನಿಂದ ನಾನು ಮಲಗುವ ಮುಂಚೆ ಟ್ರಂಕನ್ನು ಎಳೆದು ಆ ಬಾಗಿಲಿಗೆ ಅಡ್ಡ ಇಡತೊಡಗಿದೆ. ಕಲ್ಲಿನ ನೆಲದ ಮೇಲೆ ತಗಡಿನ ಟ್ರಂಕು ಕಿರ್ರೆಂದು ಸದ್ದು ಮಾಡುತ್ತಿತ್ತು. ಎಷ್ಟು ಮೆಲ್ಲಗೆ ಎಳೆದರೂ ಅದೇ ಸದ್ದು.

ಒಂದು ಮುಂಜಾನೆ ದೊಡ್ಡವ್ವ ನನಗೆ ಚಹ ಕೊಡುತ್ತ ಕೇಳಿದಳು.

"ದಿನಾ ಟ್ರಂಕ್ ಎಳೀತೀರೇನ್ರಿ ಬಾಯಾರ?"

"ಇಲಿ ಬರ್ತಾವ್ರಿ" ಎಂದೆ.

"ಹೂಂ" ಎಂದಳು ಆಕೆ. ಚಹದ ಬಟ್ಟಲು ಹಿಡಿದ ಕೈ ಹಾಗೆಯೇ ನಿಂತಿತ್ತು. "ಇಲಿ..."

ಆಕೆಯ ಮುಖದಲ್ಲಿ ಅಂದು ನಾನು ಕಂಡದ್ದು ಅನುಮಾನವಲ್ಲ, ಆಶ್ಚರ್ಯವೂ ಅಲ್ಲ. ಬಹಳ ದಿನದಿಂದ ತಿಳಿದಿದ್ದ ಸುದ್ದಿಯನ್ನು ಮತ್ತೆ ಯಾರೋ ಹೇಳಿದಾಗ ಮುಖ ಹಾಗಾಗುತ್ತದೆ.

ಆ ರವಿವಾರ ಬೆಳಗ್ಗೆ ಆಕೆ ಸೆರಗು ಸರಿಪಡಿಸಿಕೊಂಡು ನನ್ನ ಬಾಗಿಲಿಗೆ ಬಂದಳು. "ನಡೀರಿ, ರಬಕವಿ ಬಜಾರಕ್ಕ ಹೋಗಿ ಬರೂಣು." ಏಕೆಂದು ಹೇಳಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಾಗಲೇ ನನಗೆ ತಿಳಿದದ್ದು.

"ಬಾಗಲಕ ಹಾಕೂ ಹಿಡಕಿ ತೋರಸಪಾ. ಚಿಲಕನೂ ಬೇಕು."

ಅಂಗಡಿಯವನು ಹಿಡಿಕೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಹಿತ್ತಾಳೆಯದೊಂದು ನನಗೆ ಹಿಡಿಸಿತು. ಬಳ್ಳಿಯ ಹಾಗೆ ಬಾಗಿತ್ತು, ತುದಿಗಳಲ್ಲಿ ಎಲೆಯ ಕೆತ್ತನೆ. ಭಯದ ನಡುವೆಯೂ ನನಗೆ ಚೆಂದದ್ದೇ ಬೇಕೆನಿಸಿತ್ತು ನೋಡಿ! ದೊಡ್ಡವ್ವ ಅದನ್ನು ಕೈಗೆ ತೆಗೆದುಕೊಂಡು, ಎರಡು ಕಡೆ ಹಿಡಿದು ಹಿಂಡಿದಳು. ಸ್ವಲ್ಪ ಬಾಗಿತು. ಕೆಳಗಿಟ್ಟಳು. ಇನ್ನೊಂದು ಎತ್ತಿದಳು, ಅದರ ಹಿಡಿಯೊಳಗೆ ನಾಲ್ಕು ಬೆರಳು ಹೋಗಲಿಲ್ಲ. ಕೊನೆಗೆ ಕರಿ ಕಬ್ಬಿಣದ ಒಂದನ್ನು ಹಿಡಿದು, ಅಂಗಡಿಯವನ ಕೈಗೆ ಒಂದು ತುದಿ ಕೊಟ್ಟು, "ಜಗ್ಗು" ಎಂದಳು. ಅವನು ನಕ್ಕ. "ಜಗ್ಗಪಾ ಅಂದ್ನೆಲ್ಲ?" ಎಂದಳು. ಅವನ ನಗೆ ನಿಂತಿತು. ಇಬ್ಬರೂ ಜಗ್ಗಿದರು. ಕಟ್ಟೆಯ ಮೇಲಿದ್ದ ಮೊಳೆಯ ಡಬ್ಬಿ ಉರುಳಿಬಿತ್ತು.

"ಯಾವ ಬಾಗಲಕ್ರಿ ದೊಡ್ಡವ್ವಾರ ಇಷ್ಟ ಗಟ್ಟೀದು?"

"ನಮ್ಮ ಬಂಕದ ಕ್ವಾಣಿ ಬಾಗಲಕ."

ಅವನು ನನ್ನ ಕಡೆ ನೋಡಿದ, ಮತ್ತೆ ಆಕೆಯ ಕಡೆ ನೋಡಿದ. "ಸಾವಕಾರ್ರು ಹೇಳಿದ್ರ ನಾನ ಮನೀಗೆ ಕಳಸ್ತಿದ್ದೆನಲ್ರಿ..."

"ಅವರಿಗ್ಯಾಕ ತ್ರಾಸ" ಎಂದಳು ದೊಡ್ಡವ್ವ. ಹಿಡಿಕೆ ಒಂದೇ ಸಾಕೇ, ಆಚೆ ಕಡೆಗೂ ಬೇಡವೇ ಎಂದು ಅವನು ಕೇಳಿದ. "ಬ್ಯಾಡ. ಆ ಕಡೆ ಇದ್ದದ್ದನ್ನ ತಗೀಬೇಕಾಗೇತಿ."

ಪಕ್ಕದಲ್ಲೇ ಇದ್ದ ಬಡಿಗ ನಾಳೆ ಬರುತ್ತೇನೆಂದು ಮಾತು ಕೊಟ್ಟ. ನಾಳೆ ಬರಲಿಲ್ಲ. ಮರುದಿನ ಜ್ವರವೆಂದು ಹೇಳಿ ಕಳಿಸಿದ. ಅದೇ ದಿನ ಅವನು ಸಾವಕಾರನ ಶೆಡ್ಡಿನಲ್ಲಿ ಮಗ್ಗದ ಹಲಗೆ ಹೊಡೆಯುತ್ತಿದ್ದುದನ್ನು ನಾನೇ ಕಂಡೆ. ಅಂದರೆ ಸುದ್ದಿ ಮುಟ್ಟಿತ್ತು. ಅವನಿಗೆ ಗೊತ್ತಾಗಿದೆ, ಗೊತ್ತಾಗಿರುವುದು ನಮಗೆ ಗೊತ್ತಿದೆ, ಆದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ವಾರ ಅವನು ನೂಲಿಗೆ ಬರಲೇ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಪಡಸಾಲೆಯಲ್ಲಿ ಅವನ ಹೆಜ್ಜೆ ಕೇಳುತ್ತಿತ್ತು, ಬಾಗಿಲಿನ ಹತ್ತಿರ ಬಂದು ನಿಲ್ಲುತ್ತಿತ್ತು, ಬಳೆ ಒಮ್ಮೆ ಕಿಣ್ಣೆನ್ನುತ್ತಿತ್ತು, ಹೋಗುತ್ತಿತ್ತು...

ಹಿಡಿಕೆ ಕಾಗದದ ಪೊಟ್ಟಣದಲ್ಲೇ ನನ್ನ ದಿಂಬಿನ ಹತ್ತಿರ ಇತ್ತು. ಅದರ ಎಣ್ಣೆಯ ವಾಸನೆ ಹಾಸಿಗೆಗೆಲ್ಲ ಹತ್ತಿತ್ತು.

ಶಾಲೆಗೆ ರಜೆಯಿದ್ದ ಒಂದು ದಿನ ದೊಡ್ಡವ್ವ ಊಟ ಮುಗಿಸಿ ಬಂದಳು. ಕೈಯಲ್ಲಿ ಸುತ್ತಿಗೆ, ಸ್ಕ್ರೂಡ್ರೈವರ್, ಯಾರ ಮನೆಯಿಂದಲೋ ಕೇಳಿ ತಂದ ಗಿರಮಿಟ್ಟು. ಗಿರಮಿಟ್ಟೆಂದರೆ ಚುರುಮುರಿಗೆ ಉಳ್ಳಾಗಡ್ಡಿ ಹಾಕಿ ಕಲಸುವ ತಿಂಡಿ ಎಂದಷ್ಟೇ ನನಗೆ ಗೊತ್ತಿತ್ತು. ಕಟ್ಟಿಗೆಗೆ ತೂತು ಕೊರೆಯುವ ಆಯುಧಕ್ಕೂ ಅದೇ ಹೆಸರು ಎಂದು ಅಂದು ಕಲಿತೆ.

"ಮುಧೋಳಕ್ಕ ಹೋಗ್ಯಾನ" ಎಂದಳು. "ಸಂಜಿಕ ಬರ್ತಾನ. ಹಿಡೀರಿ."

ಮೊದಲು ನಾಗೊಂದಿಗೆಯಿಂದ ನೂಲಿನ ಗಂಟುಗಳನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಅವನ ಭಾಗದ ಕಡೆ ಒಟ್ಟಿದೆವು. ಆಮೇಲೆ ಹಳೆಯ ಬಳೆ. ಅದರ ಕಾಲುಗಳು ಬಾಗಿಲನ್ನು ತೂರಿ ನನ್ನ ಕಡೆ ಬಂದು, ಎರಡೂ ಬದಿಗೆ ಬಗ್ಗಿ ಕಟ್ಟಿಗೆಯಲ್ಲಿ ಹೂತುಹೋಗಿದ್ದವು. ಅವನ್ನು ಎಬ್ಬಿಸುವುದರಲ್ಲೇ ನಮ್ಮ ಅರ್ಧ ಜೀವ ಹೋಯಿತು. ಇಬ್ಬರಿಗೂ ಬಾರದ ಕೆಲಸ. ಆಕೆ ಹೊಡೆದ ಸುತ್ತಿಗೆ ಒಮ್ಮೆ ನನ್ನ ಹೆಬ್ಬೆರಳಿಗೆ ಬಿತ್ತು. ಶೆಡ್ಡಿನಲ್ಲಿ ಮಗ್ಗಗಳು, ಓಣಿಯ ತುಂಬ ಮಗ್ಗಗಳು, ಖಟಾಖಟ್ ಎಂದು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ನಮ್ಮ ಸುತ್ತಿಗೆಯ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಬಳೆ ಕಿತ್ತು ಪಡಸಾಲೆಯ ನೆಲಕ್ಕೆ ಬಿದ್ದಾಗ ನಮಗೇ ಕೇಳಲಿಲ್ಲ.

ಹೊಸ ಹಿಡಿಕೆಗೆ ಹಳೆಯ ತೂತುಗಳು ಹೊಂದಲಿಲ್ಲ. ಹೊಸದಾಗಿ ಕೊರೆಯಬೇಕಾಯಿತು. ಸಾಗುವಾನಿಯ ಬಾಗಿಲು, ಕಲ್ಲಾಗಿತ್ತು. ನಾನು ಗಿರಮಿಟ್ಟನ್ನು ಅದುಮಿ ಹಿಡಿದೆ, ಆಕೆ ತಿರುಗಿಸಿದಳು. ಸ್ಕ್ರೂ ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು. ಸಾಬೂನು ಹಚ್ಚಿದೆವು, ಕೊಬ್ಬರಿ ಎಣ್ಣೆ ಬಿಟ್ಟೆವು. ಒಂದು ಸ್ಕ್ರೂವಿನ ತಲೆಯೇ ಹರಿದುಹೋಯಿತು, ಅದನ್ನು ಸುತ್ತಿಗೆಯಿಂದಲೇ ಹೊಡೆದು ಕೂರಿಸಬೇಕಾಯಿತು. ದೊಡ್ಡವ್ವ ಅದನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಇಬ್ಬರೂ ನಕ್ಕೆವು. ಅಂದು ನಕ್ಕದ್ದು ಅದೊಂದೇ ಸಲ.

ಆಗ ಕರೆಂಟ್ ಹೋಯಿತು.

ಒಮ್ಮೆಗೇ ಎಲ್ಲ ಮಗ್ಗಗಳೂ ನಿಂತವು. ಓಣಿಯಲ್ಲಿ ಅಂಥ ಮೌನ ನಾನು ಹಗಲಿನಲ್ಲಿ ಕೇಳಿರಲಿಲ್ಲ. ಆ ಮೌನದಲ್ಲಿ ದೊಡ್ಡವ್ವ ಎತ್ತಿದ ಸುತ್ತಿಗೆ, ತಡೆಯಲಾರದೆ, ಬಾಗಿಲಿನ ಮೇಲೆ ಬಿತ್ತು. ಢಣ್ಣೆಂದು ಇಡೀ ಓಣಿಗೆ ಕೇಳಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅರ್ಧ ಹೊಡೆದು ನಿಲ್ಲಿಸುವಂತಿರಲಿಲ್ಲ. ಬಳೆ ಕಿತ್ತಾಗಿತ್ತು, ಹಿಡಿಕೆ ಒಂದೇ ತುದಿಗೆ ಜೋತಾಡುತ್ತಿತ್ತು. ಆಕೆ ಮತ್ತೆ ಹೊಡೆದಳು. ಮತ್ತೆ ಹೊಡೆದಳು. ಕೆಲಸ ನಿಂತ ಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಬೆಳಕಿಗೆಂದು ನಾವು ತೆರೆದಿಟ್ಟಿದ್ದ ಓಣಿಯ ಬಾಗಿಲಿನ ಮುಂದೆ ನಿಂತು ಒಳಗೆ ನೋಡತೊಡಗಿದರು.

ಹಿಡಿಕೆ ಕೂತಿತು. ಚಿಲಕ ಜಡಿಯುತ್ತಿದ್ದೆವು. ಪಡಸಾಲೆಯಲ್ಲಿ ಚಪ್ಪಲಿಯ ಸದ್ದು.

ಸಂಜೆಗೆ ಬರಬೇಕಾದವನು ಆಗಲೇ ಬಂದಿದ್ದ. ನೆಲದ ಮೇಲಿದ್ದ ಬಳೆಯನ್ನು ಎತ್ತಿಕೊಂಡು ತೆರೆದ ಬಾಗಿಲಿನಲ್ಲಿ ನಿಂತ.

"ಏನ್ ನಡಸೀರಿ ವೈನಿ?" ಎಂದು ಅತ್ತಿಗೆಯನ್ನು ಕೇಳಿದ.

ದೊಡ್ಡವ್ವ ತಿರುಗಿ ನೋಡಲಿಲ್ಲ. ಸ್ಕ್ರೂ ತಿರುಗಿಸುತ್ತಲೇ ಇದ್ದಳು. "ಬಾಗಲಕ ಹಿಡಕಿ ಹಾಕಾಕತ್ತೇನಿ, ತಮ್ಮಾ."

"ಯಾರನ ಕೇಳಿ?"

"ಈ ಮನೀಗೆ ಹಿರೇ ಸೊಸಿಯಾಗಿ ಬಂದಾಕಿ ನಾನು. ನೀ ಆಗ ಚಡ್ಡಿ ಹಾಕ್ಕೊಂಡ ಓಡ್ಯಾಡ್ತಿದ್ದಿ. ಯಾರನ ಕೇಳಲಿ?"

"ನೂಲು ಮ್ಯಾಲ ಐತಿ. ನಾ ಹೆಂಗ ತಗೀಲಿ?"

"ಇಳಿಸಿ ನಿನ್ನ ಕಡೆ ಒಟ್ಟೇನಿ. ನೋಡ ಹಿಂದ."

ಅವನು ನೋಡಲಿಲ್ಲ. ಅವನ ಕಣ್ಣು ನನ್ನ ಮೇಲೆ ಬಂತು. "ಬಾಯಾರ ಏನರ ಹೇಳ್ಯಾರೇನು?"

ಆ ಪ್ರಶ್ನೆಗೇ ನಾನು ಇಷ್ಟು ದಿನ ಹೆದರಿದ್ದು. ದೊಡ್ಡವ್ವ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತಳು. ಅವನಿಗಿಂತ ಎಷ್ಟೋ ಗಿಡ್ಡ ಹೆಂಗಸು. ಕುತ್ತಿಗೆ ಎತ್ತಿ ಮಾತಾಡಬೇಕಾಯಿತು.

"ಆಕಿ ಏನೂ ಹೇಳಿಲ್ಲ. ನಾ ಹೇಳಾಕತ್ತೇನಿ."

"ಊರ ಮಂದಿ ಏನಂದಾರು? ಸಾವಕಾರನ ಮನ್ಯಾಗ ಏನೋ ನಡದೈತಿ ಅಂತಾರ."

"ಊರ ಮಂದೀಗೆ ನಾ ಏನೂ ಅಂದಿಲ್ಲ" ಎಂದಳು. ಸ್ವಲ್ಪ ತಡೆದು, "ಇನ್ನಾ ತನಕ" ಎಂದಳು.

ಅವನ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಬಳೆಯನ್ನು ಎಸೆದು ಒಂದು ಹೆಜ್ಜೆ ಒಳಗಿಟ್ಟ. ದೊಡ್ಡವ್ವ ಎರಡೂ ಕೈಯಿಂದ ಬಾಗಿಲನ್ನು ಅವನ ಕಡೆಗೆ ದೂಡಿದಳು. ಅವನು ಅಂಗೈ ಕೊಟ್ಟು ತಡೆದ. ಬಾಗಿಲು ನಡುವೆ ನಿಂತಿತು. ಆಕೆಯ ಕಾಲು ನೆಲದ ಮೇಲೆ ಹಿಂದೆ ಹಿಂದೆ ಜಾರುತ್ತಿತ್ತು. ನಾನು ಹೇಗೆ ಮುಂದೆ ಬಂದೆನೋ ಗೊತ್ತಿಲ್ಲ, ಆಕೆಯ ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತೆ. ನನ್ನ ಮುಖ ಓಣಿಯ ಕಡೆ ಇತ್ತು. ಅಲ್ಲಿ ಹೆಂಗಸರು ನಿಂತಿದ್ದರು, ಹತ್ತಿರ ಬಂದಿದ್ದರು. ಒಬ್ಬಳು ಹೊಸ್ತಿಲನ್ನೇ ದಾಟಿದ್ದಳು, ಸೊಂಟದಲ್ಲಿ ಕೂಸಿತ್ತು. ಅವಳ ಗಂಡ ಸಾವಕಾರನ ಮಗ್ಗದಲ್ಲೇ ದುಡಿಯುವವನು. ಬಾಗಿಲಿನ ಸಂದಿಯಿಂದ ಅವನನ್ನು ನೋಡಿದಳು, ಅಷ್ಟೆ. ಅವನೂ ಅವಳನ್ನು ನೋಡಿರಬೇಕು. ಅವಳ ಹಿಂದೆ ನಿಂತವರನ್ನೂ ನೋಡಿರಬೇಕು.

ಬೆನ್ನಿನ ಮೇಲಿದ್ದ ಭಾರ ಒಮ್ಮೆಗೇ ಹಗುರಾಯಿತು. ಬಾಗಿಲು ಮುಚ್ಚಿತು.

ದೊಡ್ಡವ್ವ ಚಿಲಕ ಸರಿಸಿದಳು. ಅದು ಚೌಕಟ್ಟಿನ ತೂತಿಗೆ ಕೂರಲಿಲ್ಲ, ಅರ್ಧ ಬೆರಳಿನಷ್ಟು ಮೇಲಾಗಿತ್ತು! ನಾವು ತಪ್ಪು ಜಾಗದಲ್ಲಿ ಕೊರೆದಿದ್ದೆವು. ಆಚೆ ಅವನ ಉಸಿರಾಟ ಕೇಳುತ್ತಿತ್ತು. ಈಚೆ ನಾವಿಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಅವನು ಬೆರಳಿನಿಂದ ದೂಡಿದ್ದರೂ ಚಿಲಕ ಕೂತಿಲ್ಲವೆಂದು ಅವನಿಗೆ ತಿಳಿಯುತ್ತಿತ್ತು.

"ನೋಡಿ ಮಾಡ್ರಿ ವೈನಿ" ಎಂದ ಆಚೆಯಿಂದ. ದನಿ ತಗ್ಗಿತ್ತು. "ಕಡೀಗೆ ನೀವು ಒಬ್ಬಾಕೀನ ಅದೀರಿ."

ಚಪ್ಪಲಿಯ ಸದ್ದು ದೂರವಾಯಿತು. ಕರೆಂಟ್ ಬಂದು ಮಗ್ಗಗಳು ಮತ್ತೆ ಹೊಡೆದುಕೊಳ್ಳತೊಡಗಿದಾಗ ಹೆಂಗಸರು ಒಬ್ಬೊಬ್ಬರಾಗಿ ತಂತಮ್ಮ ರಾಟೆಗಳಿಗೆ ಹೋದರು. ಕೂಸಿನವಳು ಮಾತ್ರ ನಿಂತು, ಚೌಕಟ್ಟಿನ ತೂತನ್ನು ಉಳಿಯಿಂದ ಕೆತ್ತಿ ಅಗಲ ಮಾಡಲು ಸಹಾಯ ಮಾಡಿದಳು. ಚಿಲಕ ಕೂತಿತು. ಹಿಡಿಕೆ ಮಾತ್ರ ಸೊಟ್ಟಗೇ ಉಳಿಯಿತು.

ಆಮೇಲೆ ದೊಡ್ಡವ್ವ ನನ್ನ ಹಾಸಿಗೆಯ ಮೇಲೆ ಕುಳಿತಳು. ನಾನು ನೀರು ಕೊಟ್ಟರೆ ಆಕೆಗೆ ತಂಬಿಗೆ ಹಿಡಿಯಲಾಗಲಿಲ್ಲ. ಅಲ್ಲಿಯವರೆಗೆ ನಾನು ಆಕೆಗೆ ಹೆದರಿಕೆಯೇ ಇಲ್ಲವೆಂದುಕೊಂಡಿದ್ದೆ. ನಾನೇ ಕುಡಿಸಿದೆ. ಆಕೆ ಎದ್ದು ಹೋಗಿ ಬಾಗಿಲಿನ ಹಳೆಯ ತೂತುಗಳ ಮೇಲೆ ಕೈಯಾಡಿಸುತ್ತ ಹೇಳಿದಳು. ಅಂದು ಮೊದಲ ಸಲ ನನ್ನನ್ನು ಬಾಯಾರ ಎನ್ನಲಿಲ್ಲ.

"ಇದು ನನ್ನ ಕ್ವಾಣಿನ ಇತ್ತವ್ವಾ. ಗಂಡ ಸತ್ತ ಮ್ಯಾಲ ನಾ ಇಲ್ಲೇ ಮಲಗ್ತಿದ್ನಿ. ಇದ್ದ ಹಿಡಕಿ, ಚಿಲಕ ಒಂದಿನ ಇರಲಿಲ್ಲ. ಕಿತ್ತಾಂವ ಅಂವನ. ದಿನಾ ಬೀಸೂ ಕಲ್ಲ ಸರಿಸಿ ಅಡ್ಡ ಇಟ್ಟ ಮಲಗ್ತಿದ್ನಿ. ಅದರ ಸಪ್ಪಳನೂ ನಿನ್ನ ಟ್ರಂಕಿನ ಸಪ್ಪಳಧಂಗ ಇತ್ತು. ನಮ್ಮತ್ತಿ ಆಚೆ ಪಡಸಾಲ್ಯಾಗ ಮಲಗ್ತಿದ್ಲು. ಆಕೀಗೆ ಕೇಳತಿತ್ತು. ಕೇಳಿದ್ರೂ..."

ಆಕೆ ತೂತುಗಳ ಮೇಲಿನ ಕೈ ತೆಗೆದಳು.

"ಈಗ ಹೇಣ್ತಿ ಮಕ್ಕಳ ಆಗ್ಯಾರ, ಸುಧಾರಿಸ್ಯಾನ ಅಂದ್ಕೊಂಡಿದ್ನಿ. ನಿನಗ ಈ ಕ್ವಾಣಿ ಕೊಟ್ಟದ್ದು ನನ್ನ ತಪ್ಪ" ಎಂದಳು. "ನಿಮ್ಮಪ್ಪಗ ನಾ ಇರ್ಲಿ ಅಂದಿದ್ನಿ, ಹೌದಿಲ್ಲೋ?"

ಸಾವಕಾರ ಸುಮ್ಮನಿರಲಿಲ್ಲ. ಮರುವಾರವೇ ಆಕೆಗೆ ಕಂಡಿಕೆ ಸುತ್ತಲು ನೂಲು ಕೊಡುವುದು ನಿಲ್ಲಿಸಿದ. ಹಿರಿಯರನ್ನು ಕೂಡಿಸಿ ಮನೆ ಪಾಲು ಮಾಡಿಸಿದ. ಪಡಸಾಲೆಯ ನಡುವೆ ಗೋಡೆ ಎದ್ದಿತು. ಆಕೆಯ ಪಾಲಿಗೆ ಬಂದದ್ದು ಬಂಕ, ನನ್ನ ಕೋಣೆ, ಪಡಸಾಲೆಯ ಒಂದು ಚೂರು. ಆ ಚೂರಿನಲ್ಲೇ ಒಲೆ ಹೂಡಿಕೊಂಡಳು. ರಬಕವಿಯ ಬೇರೆ ಮಗ್ಗದವರಿಂದ ನೂಲು ತಂದು ಸುತ್ತಿದಳು. ನೂಲಿನ ಗಂಟು ತಲೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ನಡೆದು ಬರುತ್ತಿದ್ದುದನ್ನು ಶಾಲೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ನನ್ನಿಂದ ಹೀಗಾಯಿತೆಂದು ಒಮ್ಮೆ ಅತ್ತಾಗ ಸಿಟ್ಟಿಗೆದ್ದಳು. "ನಿನ್ನಿಂದೇನೂ ಆಗಿಲ್ಲ. ಆಗಬೇಕಾದದ್ದು ತಡಾ ಆಗೇತಿ, ಅಷ್ಟ." ನನ್ನ ನೌಕರಿಗೆ ಅವನು ಏನೂ ಮಾಡಲಿಲ್ಲ. ಮಾಡಲು ಹೋದನೋ, ಆಗಲಿಲ್ಲವೋ, ನನಗೆ ತಿಳಿಯದು.

ಆ ಕೋಣೆಯಲ್ಲಿ ನಾನು ನಾಲ್ಕು ವರ್ಷ ಇದ್ದೆ. ಅಪ್ಪ ಬಂದಾಗಲೆಲ್ಲ ಅದೇ ಬಂಕದಲ್ಲಿ ಕಂಬಳಿ ಹಾಸಿ ಮಲಗಿ, "ಛಲೋ ಮಂದಿ ಸಿಕ್ಕಾರ" ಎನ್ನುತ್ತಿದ್ದ. ನಾವಿಬ್ಬರೂ ಅವನಿಗೆ ಏನೂ ಹೇಳಲಿಲ್ಲ. ಆಮೇಲೆ ನನಗೆ ಜಮಖಂಡಿಗೆ ವರ್ಗವಾಯಿತು, ಇನ್ನೊಬ್ಬ ಮಾಸ್ತರರ ಜೊತೆ ಮದುವೆಯಾಯಿತು. ದೊಡ್ಡವ್ವ ಮದುವೆಗೆ ಬಂದು, ಹೆಂಗಸರ ಪಂಕ್ತಿಯಲ್ಲಿ ನನ್ನ ಅವ್ವನ ಪಕ್ಕ ಕುಳಿತು ಉಂಡಳು. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮಕ್ಕಳಾದ ಮೇಲೆ ಅದೂ ವಿರಳವಾಯಿತು.

ತೊಂಬತ್ತರ ದಶಕದಲ್ಲಿ ಒಮ್ಮೆ ಹೋದಾಗ ಬಂಕದಲ್ಲಿ ರಾಟೆ ಇರಲಿಲ್ಲ. ಸಾವಕಾರ ಕುಳಿತಿದ್ದ. ಪಡಸಾಲೆಯ ಗೋಡೆ ಕೆಡವಿದ್ದರು, ಮನೆ ಮತ್ತೆ ಒಂದೇ ಆಗಿತ್ತು. ಅವನ ಒಂದು ಕೈ ಲಕ್ವಾ ಹೊಡೆದು ಮಡಿಲಲ್ಲಿ ಬಿದ್ದಿತ್ತು. ನನ್ನ ಗುರುತು ಹಿಡಿದ. ದೊಡ್ಡವ್ವ ಬೇಸಿಗೆಯಲ್ಲಿ ತೀರಿಕೊಂಡಳೆಂದು ಹೇಳಿದ.

"ಕಡೀಗೆ ಹಾಸಿಗಿ ಹಿಡದಿದ್ರು ವೈನಿ. ನನ್ನ ಹೇಣ್ತೀನ ಎಲ್ಲಾ ಮಾಡಿದ್ಲು. ನಾ ಒಂದ ಗುಟಕ ನೀರ ಹಾಕಾಕ ಹ್ವಾದ್ರ ಬಾಯಿ ಬಿಗಿ ಹಿಡಕೊಂಡ್ರು ನೋಡ್ರಿ ಬಾಯಾರ. ಜೀವ ಹೋಗೂತನಕ ನನ್ನ ಕೈಯಾಗಿನ ನೀರ ಕುಡೀಲಿಲ್ಲ."

ಅವನ ಕಣ್ಣು ತುಂಬಿತ್ತು. ನಾನು ಸಮಾಧಾನದ ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದ. ನಾನು ಎದ್ದು ಬಸ್ಸಿಗೆ ನಡೆದೆ.

ಈಗ ಆಕೆಯ ಅಂದಿನ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಆಕೆಯ ಒಂದು ಫೋಟೋ ಕೂಡ ನನ್ನಲ್ಲಿಲ್ಲ. ದನಿ ನೆನಪಿದೆ, ನಡಿಗೆ ನೆನಪಿದೆ. ಆದರೆ ಮುಖ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದೆ. ಕೆನ್ನೆಯ ಮೇಲೆ ಒಂದು ಮಚ್ಚೆ ಇತ್ತು, ಅದು ಎಡಗಡೆಯೋ ಬಲಗಡೆಯೋ ಎಂದು ನಿನ್ನೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಯಾರನ್ನಾದರೂ ಕೇಳೋಣವೆಂದರೆ, ಆ ಓಣಿಯಲ್ಲಿ ನಾನು ಕೇಳಬಲ್ಲವರು ಈಗ ಯಾರೂ ಉಳಿದಿಲ್ಲ.